ಹಾಸನ ಶಾಖೆಗೆ ಸೇರದ ಪುಟ್ಟೇಗೌಡರು

"ಸಾಯೇಬ್ರು ಓಗ್ಬುಟ್ರು ಕಣವ್ವಾ."

ಹಾಸನದಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಮಾತು ಇದು. ಆಡಿದವನು ಇಂಜಿನಿಯರಿಂಗ್ ಕಾಲೇಜಿನ ಗೇಟಿನ ಕಾವಲುಗಾರ. ನನ್ನನ್ನು ಉಪನ್ಯಾಸಕಿಯ ಕೆಲಸಕ್ಕೆ ಕರೆಸಿಕೊಂಡಿದ್ದ ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಅನಂತಯ್ಯನವರನ್ನು ಕಾಣಬೇಕೆಂದು ಧಾರವಾಡದ ಬಸ್ಸಿಳಿದವಳು ನೇರ ಅಲ್ಲಿಗೇ ಹೋಗಿದ್ದೆ. ನಮ್ಮ ಕಡೆ ಯಾರಾದರೂ 'ಹೋಗಿಬಿಟ್ರು' ಎಂದರೆ ಮುಗಿದೇಹೋಯಿತು. ನಾನು ಟ್ರಂಕಿನ ಮೇಲೆ ಕುಸಿದು ಕೂತು, "ಯಾವಾಗ್ರೀ? ಏನಾಗಿತ್ತು?" ಎಂದೆ.

"ಏನಾಗದೆ? ಚನ್ರಾಯಪಟ್ಣಕ್ಕೆ ಓಗವ್ರೆ. ಸಂಜೀಕೆ ಬತ್ತಾರೆ."

ತೊಂಬತ್ತರ ದಶಕ ಮುಗಿಯುತ್ತಿದ್ದ ದಿನಗಳು. ಎರಡೂ ಊರಿನವರು ಆಡುವುದು ಕನ್ನಡವೇ ಎಂದು ಧೈರ್ಯ ಹೇಳಿ ಕಳಿಸಿದ್ದರು ಮನೆಯವರು. ಮೊದಲ ವಾರ ತರಗತಿಯಲ್ಲಿ "ಯಾಕ ನಗಾಕತ್ತೀರಿ?" ಎಂದು ಕೇಳಿದೆ. ಹುಡುಗರು ಇನ್ನೂ ಜೋರಾಗಿ ನಕ್ಕರು. ಅಂದಿನಿಂದ ಕಾಲೇಜಿನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಬೆರಳು ತೋರಿಸಿ ಎರಡೇ ಮಾತು. ನನ್ನ ಕನ್ನಡ ಉಳಿದದ್ದು ಅವ್ವನಿಗೆ ಬರೆಯುವ ಕಾಗದದಲ್ಲಿ ಮಾತ್ರ. ಬಾಡಿಗೆ ಮನೆಯ ಜಯಮ್ಮ ಮೊದಲ ದಿನ ಬಿಸಿ ರಾಗಿಮುದ್ದೆ ಇಟ್ಟು, ನಾನದನ್ನು ಅಗಿಯುವುದನ್ನು ನೋಡಿ ಗಾಬರಿಯಾಗಿ, "ನುಂಗ್ಬೇಕು ಕಣವ್ವಾ, ಅಗೀಬಾರ್ದು!" ಎಂದಿದ್ದರು. ನಮ್ಮಲ್ಲಿ ಜೋಳದ ರೊಟ್ಟಿ ಬಡಿಯುವ ಸಪ್ಪಳಕ್ಕೇ ಅರ್ಧ ಊಟವಾಗುತ್ತದೆ. ಇಲ್ಲಿ ಅಡುಗೆಮನೆಗಳು ಸದ್ದಿಲ್ಲದೆ ಊಟ ತಯಾರಿಸುತ್ತಿದ್ದವು. ಮಧ್ಯಾಹ್ನ ಹನ್ನೆರಡಕ್ಕೆ ಆ ಸಪ್ಪಳ ಎಲ್ಲಾದರೂ ಕೇಳೀತೇ ಎಂದು ಕಿಟಕಿಯ ಬಳಿ ನಿಲ್ಲುತ್ತಿದ್ದೆ.

ಅನಂತಯ್ಯನವರು ಹೊಳೆನರಸೀಪುರದ ಅರ್ಚಕರ ಮನೆಯವರು. ನಾನು ಬಂದ ದಿನ ಅವರು ಚನ್ನರಾಯಪಟ್ಟಣಕ್ಕೆ ಹೋಗಿದ್ದು ಸದಸ್ಯರನ್ನು ಹುಡುಕಿಕೊಂಡು. ದೊಡ್ಡ ನಗರಗಳಲ್ಲಿದ್ದ ಕಂಪ್ಯೂಟರ್ ವೃತ್ತಿಪರರ ಸಂಘವೊಂದರ ಶಾಖೆಯನ್ನು ಹಾಸನದಲ್ಲಿ ತೆರೆಯುವುದು ಅವರ ಹಂಬಲ. ಒಂದು ವರ್ಷದೊಳಗೆ ಸಾಕಷ್ಟು ಜನ ಸೇರಿ, ತಿಂಗಳು ತಪ್ಪದೆ ಸಭೆ ನಡೆದರೆ ಶಾಖೆ ಖಾಯಂ. ಇಲ್ಲದಿದ್ದರೆ ರದ್ದು.

"ನೋಡಮ್ಮ, ನಿಂಗೆ ಇಲ್ಲಿ ನೆಂಟರಿಲ್ಲ ಇಷ್ಟರಿಲ್ಲ. ಭಾನುವಾರ ಏನ್ ಮಾಡ್ತೀಯಾ? ನೀನೇ ಕಾರ್ಯದರ್ಶಿ" ಎಂದರು.

ಹಾಗೆ ನನ್ನ ಭಾನುವಾರಗಳು ಬಸ್ಸು ಹತ್ತಿದವು. ಹೊಳೆನರಸೀಪುರದ ಬ್ಯಾಂಕಿನಲ್ಲಿ ಕಂಪ್ಯೂಟರಿಗೆ ಹೂವಿನ ಹಾರ ಹಾಕಿ, ಚಪ್ಪಲಿ ಹೊರಗೆ ಬಿಡಿಸುತ್ತಿದ್ದರು. ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯಲ್ಲಿ ಅದರ ಮೇಲೆ ಟವೆಲ್ ಹೊದಿಸಿಟ್ಟಿದ್ದರು. ಕಂಪ್ಯೂಟರ್ ಇದ್ದಲ್ಲೆಲ್ಲ ಒಬ್ಬ ಒಂಟಿ ಮನುಷ್ಯ ಇರುತ್ತಿದ್ದ. ತನ್ನ ಕೆಲಸದ ಬಗ್ಗೆ ಮಾತಾಡಲು ಇಡೀ ಊರಿನಲ್ಲಿ ಯಾರೂ ಸಿಗದವನು. ಅಂಥವರೇ ಒಬ್ಬೊಬ್ಬರಾಗಿ ಸೇರಿದರು.

ಅರಕಲಗೂಡಿನಲ್ಲಿ ಸಿಕ್ಕವರು ಪುಟ್ಟೇಗೌಡರು. ಐವತ್ತರ ಆಸುಪಾಸು. ಟೈಪಿಂಗ್ ಶಾಲೆಯ ಮೇಷ್ಟರು. ಸಾಲಾಗಿ ಇಟ್ಟ ಟೈಪ್‌ರೈಟರುಗಳ ಕೊನೆಗೆ ಒಂದು ಕಂಪ್ಯೂಟರ್ ಇತ್ತು. "ಟೈಪಿಂಗ್ ಕಲಿಯಾಕ್ ಬರೋ ಎಂಟ್ ಜನ ಮಕ್ಳೂ ಅದ್ನೇ ನೋಡ್ತಾವೆ ಮೇಡಮ್ಮಾರೆ, ಈ ಮಿಶಿನ್ ಕಡೆ ತಿರ್ಗೂ ನೋಡಾಕಿಲ್ಲ. ನಾನೂ ಕಲೀಬೇಕು. ನಿಮ್ ಸಂಘಕ್ಕೆ ಸೇರ್ಬೌದಾ?" ಎಂದರು. ಅರ್ಜಿ ತುಂಬಿಸಿಕೊಂಡು ಬಂದೆ.

ಅಂದಿನಿಂದ ಅವರು ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಡೆಯ ಬೆಂಚು, ಉದ್ದನೆಯ ನೋಟ್‌ಬುಕ್. ಮೂರನೆಯ ತಿಂಗಳು ಸಂಘದ ಕೇಂದ್ರ ಕಚೇರಿಯಿಂದ ಕಾಗದ ಬಂತು. ಪದವಿಯಾಗಲಿ ತಕ್ಕ ಹುದ್ದೆಯಾಗಲಿ ಇಲ್ಲದ್ದರಿಂದ ಅವರ ಅರ್ಜಿ ತಿರಸ್ಕೃತ. ಮುಂದಿನ ಸಭೆಯಲ್ಲಿ ಹೇಳೋಣವೆಂದುಕೊಂಡೆ. ಆ ಸಭೆಗೆ ಅವರು ಎಲ್ಲರಿಗಿಂತ ಮೊದಲು ಬಂದು ಕುರ್ಚಿ ಹಾಕುತ್ತಿದ್ದರು. ಹೇಳಲಿಲ್ಲ. ಅದರ ಮುಂದಿನ ಸಭೆಯಲ್ಲೂ ಹೇಳಲಿಲ್ಲ. ಕಾಗದ ನನ್ನ ಮೇಜಿನ ಖಾನೆಯಲ್ಲೇ ಉಳಿಯಿತು.

ಮಳೆಗಾಲದ ಒಂದು ಸಭೆಗೆ ಬೆಂಗಳೂರಿನಿಂದ ಬರಬೇಕಿದ್ದ ಉಪನ್ಯಾಸಕರು ಬರಲಿಲ್ಲ. ಉಪನ್ಯಾಸವಿಲ್ಲದ ಸಭೆ ಲೆಕ್ಕಕ್ಕಿಲ್ಲ. ಅನಂತಯ್ಯನವರು ನನ್ನ ಮುಖ ನೋಡಿದರು. ನಾನು ಕಡೆಯ ಬೆಂಚಿನ ಕಡೆ ನೋಡಿದೆ.

"ನಾನಾ? ಬ್ಯಾಡಿ ಬುಡಿ ಮೇಡಮ್ಮಾರೆ, ನಂಗೇನ್ ಗೊತ್ತು?" ಎಂದರು ಪುಟ್ಟೇಗೌಡರು. ಆದರೆ ಎದ್ದು ಬಂದರು.

ಮೊದಮೊದಲು ನಾಲಿಗೆ ತಡವರಿಸಿತು. ಕಂಪ್ಯೂಟರಿನ ಮುಂದೆ ಕೂತು ಕೀಲಿಗಳ ಮೇಲೆ ಬೆರಳಿಟ್ಟದ್ದೇ ತಡ, ದನಿ ಬದಲಾಯಿತು. ಕನ್ನಡದ ಒತ್ತಕ್ಷರ ಟೈಪ್‌ರೈಟರಿನಲ್ಲಿ ಹೇಗೆ ಕೂರುತ್ತಿತ್ತು, ಇಲ್ಲಿ ಹೇಗೆ ಕೂರುತ್ತದೆ, ಒಂದು ಕಂಪ್ಯೂಟರಿನ ಕನ್ನಡ ಇನ್ನೊಂದರಲ್ಲಿ ಯಾಕೆ ಚೂರುಚೂರಾಗುತ್ತದೆ, ಎಲ್ಲವನ್ನೂ ಬಿಡಿಸಿ ಹೇಳಿದರು. ಅದನ್ನೆಲ್ಲ ಅವರು ಒಬ್ಬರೇ ಕೂತು ಕಂಡುಕೊಂಡಿದ್ದರು. ನಮ್ಮಲ್ಲಿ ಯಾರಿಗೂ ಅದರ ಅರ್ಧವೂ ತಿಳಿದಿರಲಿಲ್ಲ. ಎಲ್ಲರೂ ಎದ್ದು ಪರದೆಯ ಸುತ್ತ ನಿಂತೆವು. ಅವರು ಕಣ್ಣು ಮುಚ್ಚಿಕೊಂಡರು.

"ಏನಾರ ಏಳಿ, ವಡೀತೀನಿ. ಮೇಡಮ್ಮಾರೆ, ನೀವೇಳಿ. ನಿಮ್ಮೂರ್ ಮಾತ್ನಾಗೇ ಏಳಿ."

ಅಷ್ಟು ಜನರ ಎದುರು ನನಗೆ ಬಾಯಿಗೆ ಬಂದದ್ದು ಬೆಳಿಗ್ಗೆ ಕಾಗದದಲ್ಲಿ ಬರೆದ ಸಾಲು. "ಅವ್ವಾ, ನಾ ಆರಾಮ ಅದೀನಿ. ಇಲ್ಲೆ ಮಳಿ ನಿಂತಿಲ್ಲ. ನಿನ್ನ ರೊಟ್ಟಿ ಸಪ್ಪಳ ಕೇಳಬೇಕನಸ್ತೈತಿ."

ಒಂದಕ್ಷರ ತಿದ್ದದೆ ಹಾಗೇ ಹೊಡೆದರು. ಪರದೆಯ ಮೇಲೆ ಅವ್ವ ಇದ್ದಳು, ಮಳಿ ಇತ್ತು, ರೊಟ್ಟಿ ಇತ್ತು. ಯಾರೂ ನಗಲಿಲ್ಲ. ಅನಂತಯ್ಯನವರು ಮೆಲ್ಲಗೆ, "ಎಷ್ಟು ಚೆನ್ನಾಗಿದೆಯಮ್ಮ ನಿಮ್ಮ ಭಾಷೆ" ಎಂದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಸಭೆ ಮುಗಿದ ಮೇಲೆ ಪುಟ್ಟೇಗೌಡರ ಹಿಂದೆಯೇ ಬಸ್ ನಿಲ್ದಾಣದವರೆಗೆ ನಡೆದು ಕಾಗದದ ವಿಷಯ ಹೇಳಿಬಿಟ್ಟೆ. ಅವರು ಕೊಡೆ ಮಡಿಸುತ್ತಿದ್ದವರು ನಿಂತರು.

"ಯಾವತ್ತು ಬಂದಿದ್ದು?"

"ನಾಲ್ಕು ತಿಂಗಳಾತ್ರಿ."

"ನಾಕ್ ತಿಂಗ್ಳು ನಾನು ಸದಸ್ಯ ಅಂದ್ಕಂಡೇ ಬತ್ತಿದ್ದೆ" ಎಂದರು. ಬೈಯಲಿಲ್ಲ. ಬಸ್ಸು ಹತ್ತಿ ಆಚೆ ಬದಿಯ ಸೀಟಿನಲ್ಲಿ ಕೂತರು.

ಮುಂದಿನ ಸಭೆಗೆ ಅವರು ಬರಲಿಲ್ಲ. ಅದರ ನಂತರದ ಭಾನುವಾರ ಅರಕಲಗೂಡಿಗೆ ಹೋದೆ. ಮಕ್ಕಳಿಗೆ ಪಾಠ ಹೇಳುತ್ತಿದ್ದರು. ನನ್ನನ್ನು ಖಾಲಿ ಟೈಪ್‌ರೈಟರಿನ ಮುಂದೆ ಕೂರಿಸಿ, ಪಾಠ ಮುಗಿಸಿಯೇ ನನ್ನ ಕಡೆ ಬಂದರು.

"ನನ್ನ ತಪ್ಪಾತ್ರಿ. ಹೇಳಾಕ ಧೈರ್ಯ ಆಗಲಿಲ್ಲ" ಎಂದೆ.

"ಅವ್ರು ಬ್ಯಾಡ ಅಂದಿದ್ಕೆ ನೋವಿಲ್ಲ. ನೀವ್ ಏಳ್ನಿಲ್ವಲ್ಲಾ" ಎಂದು, ಮಕ್ಕಳು ಬಿಟ್ಟುಹೋದ ಟೈಪ್‌ರೈಟರುಗಳಿಗೆ ಒಂದೊಂದಾಗಿ ಮುಸುಕು ಹಾಕಿದರು. ಕೊನೆಗೆ, "ಎಸ್ರು ಎಲ್ಲೂ ಬರೀಬ್ಯಾಡಿ. ಕುರ್ಚಿಗೇನ್ ಸದಸ್ಯತ್ವ ಬೇಕಾ? ಬಂದು ಕುಂತ್ಕತೀನಿ" ಎಂದರು.

ಹೆಸರು ಬರೆದೆ. ವಾರ್ಷಿಕ ವರದಿಯಲ್ಲಿ ಆ ತಿಂಗಳ ಉಪನ್ಯಾಸಕರು: ಶ್ರೀ ಪುಟ್ಟೇಗೌಡ, ಅರಕಲಗೂಡು. ಅನಂತಯ್ಯನವರು ಓದಿ, ಸಹಿ ಹಾಕಿದರು. ಶಾಖೆ ಖಾಯಂ ಆಯಿತು. ಸದಸ್ಯರ ಪಟ್ಟಿಯಲ್ಲಿ ಅವರ ಹೆಸರು ಕೊನೆಗೂ ಸೇರಲಿಲ್ಲ. ಈಗಲೂ ನನಗದು ಚುಚ್ಚುತ್ತದೆ.

ಆ ಬೇಸಿಗೆ ಧಾರವಾಡಕ್ಕೆ ಹೋದಾಗ ಅಣ್ಣ ಅಲ್ಲಿನ ಕಾಲೇಜಿನ ಉಪನ್ಯಾಸಕಿ ಹುದ್ದೆಯ ಅರ್ಜಿಯೊಂದನ್ನು ತಂದಿಟ್ಟಿದ್ದ. ವರ್ಷವಿಡೀ ನಾನು ಬಯಸಿದ್ದು ಅದನ್ನೇ. ಹನ್ನೆರಡು ಗಂಟೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿ ಕೇಳಿದೆ.

"ಅರ್ಜಿ ಇವತ್ತ ತುಂಬತಿ ಏನ?" ಎಂದಳು.

"ನೋಡೋಣಬೇ. ಭಾನುವಾರ ಸಭೆ ಐತಿ. ಶನಿವಾರನ ಊರಿಗೆ ಹೋಗಬೇಕು ನಾ."

ರೊಟ್ಟಿಯ ಮೇಲೆ ಅವ್ವನ ಕೈ ನಿಂತಿತು.

"ಊರಿಗಾ? ಯಾವ ಊರಿಗೆ?"

ಅವಳ ಒಲೆಯ ಮುಂದೆ ಕೂತು ಹಾಸನದ ಹೆಸರು ಹೇಳಲಾರದೆ, ಅವಳ ಕೈಕೆಳಗಿನ ರೊಟ್ಟಿಯನ್ನು ನನ್ನ ಕಡೆ ಎಳೆದುಕೊಂಡು ಬಡಿಯತೊಡಗಿದೆ.