ಮಿಶ್ರಾಜಿಯ ಲಾಗಿನ್

ದೆಹಲಿಯ ಓಖ್ಲಾದ ಒಂದು ಗಾರ್ಮೆಂಟ್ ಆಫೀಸಿಗೆ ನಾನು ಸರ್ವರ್ ರಿಪೇರಿಗೆ ಹೋದಾಗ ಹಿರಿಯ ಗುಮಾಸ್ತ ಮಿಶ್ರಾಜಿ ಮುಖ ಸಪ್ಪೆ ಮಾಡಿಕೊಂಡು ಕೂತಿದ್ದರು. ಮೂರು ದಿನದಿಂದ ಸರ್ವರ್ ಅವರೊಬ್ಬರನ್ನೇ ಒಳಗೆ ಬಿಡುತ್ತಿರಲಿಲ್ಲ. ಉಳಿದವರೆಲ್ಲ ಆರಾಮಾಗಿ ಕೆಲಸ ಮಾಡುತ್ತಿದ್ದರು.

"ರಿಟೈರ್ ಆಗೋಕೆ ಇನ್ನೂ ಎರಡು ತಿಂಗಳಿದೆ. ಈಗಲೇ ನನ್ನ ಹೆಸರು ತೆಗೆದುಬಿಟ್ಟರಾ ಬೇಟಾ?" ಎಂದು ಮೆಲ್ಲಗೆ ಕೇಳಿದರು.

ಪಟ್ಟಿ ತೆಗೆದು ನೋಡಿದರೆ, ಸರ್ವರ್‌ನಲ್ಲಿ ಓಡುತ್ತಿದ್ದ ಪ್ರೋಗ್ರಾಮುಗಳೆಲ್ಲ ಮಿಶ್ರಾಜಿಯ ಹೆಸರಿನಲ್ಲೇ ಇದ್ದವು! ಒಬ್ಬರ ಹೆಸರಿನಲ್ಲಿ ಇಂತಿಷ್ಟೇ ಓಡಬಹುದು ಎಂದು ಸರ್ವರ್‌ಗೆ ಒಂದು ಮಿತಿ ಇರುತ್ತದೆ. ಅದು ತುಂಬಿಹೋಗಿತ್ತು.

"ನಿಮ್ಮ ಪಾಸ್‌ವರ್ಡ್ ಯಾರಿಗಾದರೂ ಕೊಟ್ಟಿದ್ದೀರಾ?"

"ಕೇಳಿದವರಿಗೆಲ್ಲ ಕೊಟ್ಟಿದ್ದೀನಿ. ಹೊಸಬರಿಗೆ ಐಡಿ ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅಲ್ಲೀವರೆಗೂ ಪಾಪ, ಅವರು ಸುಮ್ಮನೆ ಕೂರಬೇಕಾ?"

ಫರೀದಾಬಾದಿನಿಂದ ಬಸ್ಸಿನಲ್ಲಿ ಬರುವ ಮಿಶ್ರಾಜಿ ಆಫೀಸು ತಲುಪುವುದು ಎಲ್ಲರಿಗಿಂತ ಕೊನೆಗೆ. ಈ ವಾರ ಹೊಸಬರು ಇನ್ನೂ ಹೆಚ್ಚಾಗಿ, ಅಷ್ಟರಲ್ಲಿ ಅವರ ಹೆಸರಿನ ಮಿತಿ ಭರ್ತಿಯಾಗಿರುತ್ತಿತ್ತು.

"ನಿಮ್ಮ ಹೆಸರು ಯಾರೂ ತೆಗೆದಿಲ್ಲ ಮಿಶ್ರಾಜಿ. ಅದರಲ್ಲಿ ನಿಮಗೇ ಜಾಗ ಉಳಿದಿಲ್ಲ, ಅಷ್ಟೇ" ಎಂದೆ.

"ಅಚ್ಛಾ, ಅಷ್ಟೇನಾ!" ಎಂದು ನಕ್ಕು ನನಗೂ ಚಹಾ ತರಿಸಿದರು.

ಮಿತಿ ಹೆಚ್ಚಿಸಿ ಎದ್ದು ಬರಬಹುದಿತ್ತು. ಆದರೂ ಮನಸ್ಸು ಒಪ್ಪದೆ, ಮ್ಯಾನೇಜರನ್ನು ಕಾಡಿಸಿ ಒಪ್ಪಿಗೆ ಪಡೆದು, ಎಲ್ಲರಿಗೂ ಬೇರೆ ಬೇರೆ ಐಡಿ ಮಾಡಿಕೊಟ್ಟೆ. ಪಾಸ್‌ವರ್ಡನ್ನು ಯಾರಿಗೂ ಹೇಳಕೂಡದು ಎಂದು ತಾಕೀತನ್ನೂ ಮಾಡಿದೆ. ಎಲ್ಲರೂ ತಲೆಯಾಡಿಸಿದರು.

ಚೀಲ ಹೆಗಲಿಗೇರಿಸಿ ಹೊರಡುವಾಗ ತಿರುಗಿ ನೋಡುತ್ತೇನೆ, ಮಿಶ್ರಾಜಿಯ ಮೇಜಿನ ಮುಂದೆ ದೊಡ್ಡ ಸಾಲು. ಮರೆತರೆ ಕೇಳೋಕಿರಲಿ ಎಂದು ಒಬ್ಬೊಬ್ಬರೇ ಬಂದು, ತಮ್ಮ ಹೊಸ ಪಾಸ್‌ವರ್ಡನ್ನು ಅವರ ಡೈರಿಯಲ್ಲಿ ಬರೆಸುತ್ತಿದ್ದರು.