ತೋಟಾ ತುಂಬುವ ಪಾರಮ್ಮ

ಬಳ್ಳಾರಿ ಸಮೀಪದ ಹಲಕುಂದಿಯಾಚೆಯ ಗುಡ್ಡದ ಬುಡದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ರೈಫಲ್ ಕ್ಲಬ್ಬಿನ ಕಲ್ಲುಗೋಡೆಯ ಕೋಣೆಯಲ್ಲಿ ಪಾರಮ್ಮ ಕಿಟಕಿ ಮುಚ್ಚುತ್ತಾರೆ, ಫ್ಯಾನ್ ಆರಿಸುತ್ತಾರೆ, ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಮೇಜಿನ ಮುಂದೆ ಕೂರುತ್ತಾರೆ. ಎದುರಿಗೆ ಬಂಗಾರದಂಗಡಿಯಲ್ಲಿ ಇರುವಂಥದ್ದೇ ಒಂದು ಪುಟ್ಟ ವಿದ್ಯುತ್ ತಕ್ಕಡಿ.

"ಗಾಳಿ ಆಡಿದ್ರ ಇದು ಸುಳ್ಳು ಹೇಳತೈತ್ರಿ. ಬಿಸಿಲು ಏರಿದ ಮ್ಯಾಲೆ ಫ್ಯಾನ್ ಇಲ್ದ ಕೂಡಾಕ ಆಗಂಗಿಲ್ಲ. ಬಳ್ಳಾರಿ ಬಿಸಿಲು ನಿಮಗ ಗೊತ್ತಲ್ಲ. ಅದಕ್ಕ ನಸುಕಿನ್ಯಾಗ ಬಂದುಬಿಡ್ತೀನಿ" ಎನ್ನುತ್ತಾರೆ.

ಅವರ ಕೆಲಸ ತೋಟಾ, ಅಂದರೆ ಬಂದೂಕಿನ ಕಾಡತೂಸು, ತುಂಬುವುದು. ಮುನ್ನೂರು ಮೀಟರ್ ದೂರದ ಗುರಿಗೆ ಹೊಡೆಯುವವರಿಗೆ ಕಾರ್ಖಾನೆಯ ತೋಟಾ ಸಾಲದು. ಒಂದರಲ್ಲಿ ಸಿಡಿಮದ್ದು ಕೂದಲೆಳೆಯಷ್ಟು ಹೆಚ್ಚಿದ್ದರೂ ಗುಂಡು ಮೇಲೆ ಹೋಗುತ್ತದೆ, ಕಡಿಮೆಯಾದರೆ ಕೆಳಗೆ. ಅದಕ್ಕೇ ಪರವಾನಗಿ ಇರುವ ಈ ಕ್ಲಬ್ಬಿನಲ್ಲಿ ಒಬ್ಬೊಬ್ಬರ ಬಂದೂಕಿಗೆ ಒಗ್ಗುವಂತೆ ಕೈಯಲ್ಲೇ ತುಂಬಿಕೊಡುತ್ತಾರೆ. ಹೊಡೆದು ಬಿದ್ದ ಹಿತ್ತಾಳೆ ಕೊಳವೆಗಳನ್ನು ಪಾರಮ್ಮನೇ ಆರಿಸಿ ತರುತ್ತಾರೆ, ತೊಳೆದು ಒಣಗಿಸುತ್ತಾರೆ. ಆಮೇಲೆ ಕೊಳವೆಯ ಬಾಯಿಯ ಸುತ್ತ ಹೆಬ್ಬೆರಳಿನ ಉಗುರು ಆಡಿಸುತ್ತಾರೆ. ಬಿರುಕು ಸಿಕ್ಕರೆ ಅದು ಗುಜರಿ ಡಬ್ಬಿಗೆ. ಉಳಿದವಕ್ಕೆ ಹಿಂದೆ ಕಿಡಿ ಹೊತ್ತಿಸುವ ಹೊಸ ಕ್ಯಾಪು, ಒಳಗೆ ತೂಗಿದ ಮದ್ದು. ಕೊನೆಗೆ ಮೇಜಿಗೆ ಬಿಗಿದ ಕೈಪ್ರೆಸ್ಸಿನ ಹಿಡಿಕೆ ಇಳಿಸಿ ತುದಿಗೆ ಗುಂಡು. ಒಂದು ಬೆಳಗಿಗೆ ಐವತ್ತು ಆದರೆ ಹೆಚ್ಚು.

ಕುರುಗೋಡಿನಲ್ಲಿ ಹುಟ್ಟಿದ ಪಾರಮ್ಮ ಮದುವೆಯಾಗಿ ಬಳ್ಳಾರಿಗೆ ಬಂದವರು. ಕೌಲ್ ಬಜಾರಿನ ಒಂದು ಜೀನ್ಸ್ ಘಟಕದಲ್ಲಿ ವರ್ಷಗಟ್ಟಲೆ ಪ್ಯಾಂಟಿಗೆ ಗುಂಡಿ, ರಿವೆಟ್ ಕೂರಿಸಿದರು. ಅಲ್ಲಿಗೆ ಯಂತ್ರ ಬಂದಾಗ ಕೈಪ್ರೆಸ್ಸಿನವರೆಲ್ಲ ಮನೆಗೆ ಹೋಗಬೇಕಾಯಿತು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಮಗಳು ಮೀನಾ ಆಗಿನ್ನೂ ಶಾಲೆಗೆ ಹೋಗುತ್ತಿದ್ದಳು. ಕಸ ಗುಡಿಸುವ ಕೆಲಸ ಹಿಡಿದು ಪಾರಮ್ಮ ಈ ಕ್ಲಬ್ಬಿಗೆ ಬಂದರು.

ಆಗ ತೋಟಾ ತುಂಬುತ್ತಿದ್ದವರು ಸೇನೆಯಿಂದ ನಿವೃತ್ತರಾದ ಹುಲಿಗೇಶ್. ಮದ್ದಿನ ಕಪಾಟಿನ ಕೀಲಿ ಇವತ್ತಿಗೂ ಅವರ ಬಳಿಯೇ ಇದೆ. "ನನ್ನ ಕೈ ನಡುಗಾಕ ಹತ್ತಿತ್ತು. ಒಂದಿನ ಈ ಪ್ರೆಸ್ಸು ನೋಡಿ ಪಾರಮ್ಮ, 'ಸಾರ್, ಇದು ನಮ್ಮ ರಿವೆಟ್ ಪ್ರೆಸ್ಸಿನ ತಂಗಿ ಇದ್ದಂಗೈತಿ' ಅಂದ್ಲು. ಖಾಲಿ ಕೊಳವಿ ಕೊಟ್ಟು ಕೂಡ್ಸಿದೆ" ಎಂದು ಅವರು ನಗುತ್ತಾರೆ. ಮದ್ದು ಮುಟ್ಟಲು ಬಿಟ್ಟದ್ದು ಮಾತ್ರ ಒಂದು ವರ್ಷದ ಮೇಲೆ.

ಪಾರಮ್ಮ ಹೆಚ್ಚಾಗಿ ತುಂಬುವುದು ಶಶಿರೇಖಾ ಅವರಿಗೆ. ಸಿರುಗುಪ್ಪದ ಶಾಲೆಯೊಂದರಲ್ಲಿ ದೈಹಿಕ ಶಿಕ್ಷಕಿಯಾದ ಇವರು ಭಾನುವಾರ ತಪ್ಪದೆ ಬಸ್ಸು ಹಿಡಿದು ಅಭ್ಯಾಸಕ್ಕೆ ಬರುತ್ತಾರೆ. ಮೂರು ವರ್ಷದ ಹಿಂದೆ ರಾಜ್ಯ ತಂಡದ ಆಯ್ಕೆ ಇದೇ ಮೈದಾನದಲ್ಲಿ ನಡೆಯಿತು. ಶಶಿರೇಖಾ ಗೆಲ್ಲುತ್ತಾರೆಂದೇ ಎಲ್ಲರ ನಂಬಿಕೆ. ಅವರ ತೋಟಾಗಳೆಲ್ಲ ಹಿಂದಿನ ದಿನವೇ ತುಂಬಿ ಡಬ್ಬಿ ಸೇರಿದ್ದವು.

ಸ್ಪರ್ಧೆಯ ದಿನ ಬೆಳಿಗ್ಗೆ ಮನೆಯಲ್ಲಿ ನೀರು ಕಾಯಿಸುತ್ತಿದ್ದ ಪಾರಮ್ಮನಿಗೆ ಇದ್ದಕ್ಕಿದ್ದಂತೆ ಅನುಮಾನ ಬಂತು. ತುಂಬುವಾಗ ನಡುವೆ ಕರೆಂಟ್ ಹೋಗಿತ್ತು, ತಕ್ಕಡಿ ಆರಿತ್ತು. ಕರೆಂಟ್ ಬಂದ ಮೇಲೆ ಪರೀಕ್ಷೆಯ ತೂಕದ ಬಟ್ಟು ಇಟ್ಟು ತಕ್ಕಡಿ ಸರಿಯಿದೆಯೇ ಎಂದು ನೋಡಿದ್ದರೋ ಇಲ್ಲವೋ? ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನೋಡಿರದಿದ್ದರೆ ಮದ್ದು ಹೆಚ್ಚು ಬಿದ್ದಿರಬಹುದು. ಹೆಚ್ಚು ಬಿದ್ದರೆ ಬಂದೂಕೇ ಮುಖದ ಮುಂದೆ ಸಿಡಿಯಬಹುದು.

ಆಟೋ ಹಿಡಿದು ಮೈದಾನಕ್ಕೆ ಓಡಿದರು. "ಸಾರ್, ಆ ಡಬ್ಬಿ ಕೊಡಬ್ಯಾಡ್ರಿ" ಎಂದರು.

"ಯಾವ್ಯಾವು ಅನುಮಾನ ಹೇಳು, ಅಷ್ಟೇ ತೆಗಿಯೋಣ" ಎಂದರು ಹುಲಿಗೇಶ್.

"ಎಲ್ಲಾ ಕಲಸಿ ಹೋಗ್ಯಾವ್ರಿ. ಪೂರ್ತಿ ಡಬ್ಬೀನೇ ಬ್ಯಾಡ."

ಶಶಿರೇಖಾ ಕಾರ್ಖಾನೆಯ ತೋಟಾ ಹಾಕಿಕೊಂಡು ಹೊಡೆದರು, ಸ್ವಲ್ಪದರಲ್ಲೇ ತಂಡದಿಂದ ಹೊರಗುಳಿದರು. ಎಲ್ಲರೂ ಹೊರಟುಹೋದ ಮೇಲೆ ಪಾರಮ್ಮ ಆ ತೋಟಾಗಳನ್ನು ಒಂದೊಂದಾಗಿ ಬಿಚ್ಚಿದರು, ಮದ್ದನ್ನು ಮತ್ತೆ ತೂಗಿದರು. ಎಲ್ಲವೂ ಸರಿಯಿದ್ದವು. ಒಂದರಲ್ಲೂ ಹೆಚ್ಚಿಲ್ಲ, ಕಡಿಮೆಯಿಲ್ಲ.

"ನಾನೇ ಹೇಳಿದೆ" ಎಂದು ಹುಲಿಗೇಶ್ ಮುಚ್ಚಿಡದೆ ನೆನೆಯುತ್ತಾರೆ, "ಒಂದರಾಗ ಹೆಚ್ಚಿತ್ತು ಅಂದುಬಿಡು ಪಾರಮ್ಮ, ಯಾರು ನೋಡ್ಯಾರ, ಆ ಹುಡುಗಿಗೂ ಸಮಾಧಾನ ಆಗತೈತಿ ಅಂತ. ಅಕಿ ನನ್ನ ಎದುರಿಗೇ ಫೋನ್ ಹಚ್ಚಿದ್ಲು."

ಫೋನಿನಲ್ಲಿ ಪಾರಮ್ಮ ಹೇಳಿದ್ದು ಇಷ್ಟು: "ಟೀಚರಮ್ಮ, ಎಲ್ಲಾ ಬಿಚ್ಚಿ ನೋಡಿದೆ. ಎಲ್ಲಾ ಸರಿ ಅದಾವ. ನಿಮ್ಮ ಆಟ ನಾನು ಕೆಡಿಸಿದೆ." ಶಶಿರೇಖಾ ಆಮೇಲೆ ತಿಂಗಳುಗಟ್ಟಲೆ ಕ್ಲಬ್ಬಿನ ಕಡೆ ಸುಳಿಯಲಿಲ್ಲ. ಹೊಡೆಯಲು ಬೇರೆ ಊರಿಗೆ ಹೋಗುತ್ತಾರೆಂಬ ಸುದ್ದಿ ಬಂತು. ಪಾರಮ್ಮ ಮತ್ತೆ ಪೊರಕೆ ಹಿಡಿದರು. ಯಾರೂ ಹೇಳಿರಲಿಲ್ಲ, ಅವರೇ ಪ್ರೆಸ್ಸು ಮುಟ್ಟಲಿಲ್ಲ.

ಒಂದು ಭಾನುವಾರ ಶಶಿರೇಖಾ ಬಂದು ಖಾಲಿ ಕೊಳವೆಗಳ ಚೀಲವನ್ನು ಮೇಜಿನ ಮೇಲಿಟ್ಟರು. "ಅಕ್ಕಾ, ತುಂಬಿ ಕೊಡ್ರಿ" ಎಂದರು. ಯಾಕೆ ತಿರುಗಿ ಬಂದಿರಿ ಎಂದು ಈಚೆಗೆ ಶಶಿರೇಖಾ ಅವರನ್ನು ನಾನು ಕೇಳಿದೆ. "ಅವತ್ತು ಸುಳ್ಳು ಹೇಳಿದ್ರ ನನ್ನ ಸಿಟ್ಟು ಅಲ್ಲೇ ಇಳಿದು ಹೋಗ್ತಿತ್ತು. ಬ್ಯಾರೆ ಕಡೆ ಹೊಡಿವಾಗ ಪ್ರತಿ ಗುಂಡಿಗೂ, ಇದನ್ನ ತುಂಬಿದವ್ರು ಅನುಮಾನ ಬಂದ್ರ ನನಗ ಹೇಳ್ತಾರೇನು ಅನ್ನಿಸ್ತಿತ್ತು. ಹಂಗ ಅನ್ನಿಸಿದ್ರ ಕೈ ನಿಲ್ಲಂಗಿಲ್ರಿ."

ಕಳೆದ ಚಳಿಗಾಲದಲ್ಲಿ ಶಶಿರೇಖಾ ಪಾರಮ್ಮ ತುಂಬಿದ ತೋಟಾದಿಂದಲೇ ಹೊಡೆದು ರಾಜ್ಯ ತಂಡ ಸೇರಿದರು. ಪತ್ರಿಕೆಗಳಲ್ಲಿ ಅವರ ಫೋಟೊ ಬಂತು. ಅದರಲ್ಲಿ ಪಾರಮ್ಮನ ಹೆಸರು ಎಲ್ಲೂ ಇರಲಿಲ್ಲ. ಬೇಸರವಾಯಿತೇ ಎಂದರೆ ಪಾರಮ್ಮ ತಲೆ ಅಲ್ಲಾಡಿಸುತ್ತಾರೆ.

"ಹೊಡಿಯಾಕ ಬಂದೂಕಿಗೆ ಗಲ್ಲ ಹಚ್ಚಿ ಮಲಗಿದಾಗ ಟೀಚರಮ್ಮನ ಕಣ್ಣಿಗೂ ನಾನು ತುಂಬಿದ್ದಕ್ಕೂ ನಡುವ ಒಂದು ಗೇಣು ಜಾಗ ಇರತೈತ್ರಿ. ಗೆಲುವು ಅಕಿದು, ಅಕಿ ಕಷ್ಟದ್ದು. ಇಷ್ಟು ವರ್ಷ ಆತು, ಅಕಿ ಎರಡೂ ಕಣ್ಣು ಚೆಂದ ಅದಾವ. ಅದಷ್ಟು ನಂದು."