ಕಾದಂಬರಿಯಲ್ಲಿಲ್ಲದ ಕುದುರೆ

ನನಗೆ ಸಿಟ್ಟು ಬೇಗ ಬರುತ್ತದೆ, ಹೋಗುವುದು ಮಾತ್ರ ನಿಧಾನ. ಹಾಗಾಗಿ ಆ ಡಾಕ್ಟರ್ ಅಂಕಲ್ ಮೇಲಿನ ಸಿಟ್ಟನ್ನು ಒಂದು ತಿಂಗಳು ಜೋಪಾನ ಮಾಡುವುದು ಕಷ್ಟವಾಗಲಿಲ್ಲ.

ಅಮೆರಿಕದ ಟೆಕ್ಸಸ್‌ನಲ್ಲೇ ಆಸ್ಟಿನ್‌ನಿಂದ ಕ್ಯಾರಲ್ಟನ್‌ಗೆ ಶಿಫ್ಟ್ ಆದ ಹೊಸತು. ಅಲ್ಲಿ ಕನ್ನಡದವರದೊಂದು ಓದುಗರ ಗುಂಪಿತ್ತು. ಒಂದು ಭಾನುವಾರ ಕಾದಂಬರಿಯಿಂದ ಮಾಡಿದ ಹಳೆಯ ಹಾಲಿವುಡ್ ಚಿತ್ರ ನೋಡುವುದು, ಮುಂದಿನ ತಿಂಗಳು ಆ ಕಾದಂಬರಿಯ ಬಗ್ಗೆ ಮಾತಾಡುವುದು. ನಾನು ಮೊದಲು ಹೋದ ದಿನ ತೋರಿಸಿದ್ದು ಒಂದು ಕಪ್ಪು-ಬಿಳುಪು ಹಾಸ್ಯಚಿತ್ರ. ಸತ್ತ ಗಂಡ ಮಹಡಿಯ ಮೇಲೆ ಕಾಯಿಲೆ ಬಿದ್ದು ಮಲಗಿದ್ದಾನೆಂದು ಊರಿಗೆಲ್ಲ ಸುಳ್ಳು ಹೇಳಿಕೊಂಡು ಹೋಟೆಲ್ ನಡೆಸುವ ಹೆಂಗಸಿನ ಕಥೆ. ನಕ್ಕು ನಕ್ಕು ಸಾಕಾಯಿತು. ಮುಗಿದ ಮೇಲೆ ನಾನು, "ಕಾದಂಬರಿಯಲ್ಲಿ ಅವಳು ಕೊನೆಗೆ ಮತ್ತೆ ಮದುವೆ ಆಗಲ್ಲ" ಎಂದೆ.

ಗುಂಪಿನ ಹಿರಿಯರು, ರಿಟೈರ್ ಆದ ಡಾಕ್ಟರ್ ಅಂಕಲ್, ಕೈ ಎತ್ತಿ ತಡೆದರು. "ನೋಡಮ್ಮ, ನಿಮ್ಮ ಸಾಫ್ಟ್‌ವೇರ್‌ನವರಿಗೆ ಓದೋ ಅಭ್ಯಾಸ ಇಲ್ಲ. ನೆಟ್‌ನಲ್ಲಿ ಎರಡು ಸಾಲು ನೋಡ್ಕೊಂಡು ಬಂದು ಮಾತಾಡಬಾರದು. ಮೊದಲು ಪುಸ್ತಕ ಓದಮ್ಮ." ಎಲ್ಲರೂ ನಕ್ಕರು. ಆ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೆ.

ಅಷ್ಟನ್ನು ನುಂಗಿಕೊಳ್ಳಬಹುದಿತ್ತು. ಆದರೆ ಪಕ್ಕದಲ್ಲಿ ನನ್ನ ಹನ್ನೆರಡು ವರ್ಷದ ಮಗಳಿದ್ದಳು. ಅವಳಿಗೆ ದಿನಾ ಓದು, ಓದು ಎಂದು ಜೀವ ತಿನ್ನುವವಳು ನಾನು. ಊಟಕ್ಕೆ ಕೂತಾಗ ನನ್ನ ಕೈ ತಟ್ಟಿ, "ಇಟ್ಸ್ ಓಕೆ ಅಮ್ಮ, ಯೂ ಡೋಂಟ್ ಹ್ಯಾವ್ ಟು ರೀಡ್ ಎವೆರಿಥಿಂಗ್" ಎಂದಳು. ಅವಳು ಅವರನ್ನು ನಂಬಿದ್ದಳು.

ನನ್ನ ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಬೇಕೆಂದೇ ತಪ್ಪು ಮಾಹಿತಿ ಕೊಟ್ಟು, ಪ್ರೋಗ್ರಾಂ ಅದನ್ನು ಹಿಡಿಯುತ್ತದೋ ತೆಪ್ಪಗೆ ನುಂಗುತ್ತದೋ ನೋಡುವುದು. ಮುಂದಿನ ತಿಂಗಳು ಅಂಕಲ್ ಆ ಕಾದಂಬರಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಹೇಳಿದ್ದೆಲ್ಲ ಚಿತ್ರದ ಕಥೆಯೇ, ಕೊನೆಯ ಮದುವೆ ಸಮೇತ. ಮಗಳ ಪಕ್ಕದಿಂದ ನಾನು ಬಹಳ ವಿನಯದಿಂದ ಎದ್ದು ನಿಂತೆ.

"ಅಂಕಲ್, ಅವಳು ಗಂಡನ ಕುದುರೆ ಮಾರೋ ಅಧ್ಯಾಯ ಇದೆಯಲ್ಲ, ಅದನ್ನ ಚಿತ್ರದಲ್ಲಿ ಯಾಕೆ ಬಿಟ್ಟುಬಿಟ್ಟರು?"

ಕಾದಂಬರಿಯಲ್ಲಿ ಕುದುರೆಯೇ ಇಲ್ಲ.

"ಅಯ್ಯೋ, ಅದೇ ಕಣಮ್ಮ ಇಡೀ ಪುಸ್ತಕದ ಜೀವ!" ಎಂದರು ಅಂಕಲ್. "ಅದನ್ನ ಓದಿ ನಾನು ಅತ್ತುಬಿಟ್ಟಿದ್ದೆ."

ಬ್ಯಾಗಿನಿಂದ ಪುಸ್ತಕ ತೆಗೆದು ಅವರ ಕೈಗಿಟ್ಟೆ. "ಒಂದು ಪುಟ ಓದಿ ಅಂಕಲ್, ಎಲ್ಲರೂ ಕೇಳಲಿ." ಪುಟ ತಿರುವಿದರು. ಮತ್ತೆ ತಿರುವಿದರು. ಕನ್ನಡಕ ಮರೆತು ಬಂದೆ ಎಂದರು. ಅವರ ಹೆಂಡತಿ, ಪಾಪ, ತಮ್ಮ ಪರ್ಸಿನಿಂದ ಆ ಕನ್ನಡಕ ತೆಗೆದು ಕೊಟ್ಟರು. ನಾನು ಆಗಲೂ ಬಿಡಲಿಲ್ಲ. ಅಂಕಲ್ ಕಿವಿ ಕೆಂಪಾಗುವವರೆಗೆ ಕಾದು, "ಸಿಗಲ್ಲ ಅಂಕಲ್. ಕುದುರೆ ಕಥೆ ನಾನೇ ಹುಟ್ಟಿಸಿದ್ದು" ಎಂದೆ. ಯಾರೂ ನಗಲಿಲ್ಲ. ನನಗೆ ಮಾತ್ರ ಹೊಟ್ಟೆ ತಣ್ಣಗಾಯಿತು. ಈಗಲೂ ಅವರ ಆ ಮುಖ ನೆನೆದರೆ ಖುಷಿಯೇ.

ಕಾರಿನ ಹತ್ತಿರ ಬಂದು ಮಗಳ ಮುಖ ನೋಡಿದೆ, ಅಮ್ಮ ಓದಿದವಳೆಂದು ಈಗಲಾದರೂ ಗೊತ್ತಾಯಿತಲ್ಲ ಎಂದು. ಅವಳು ಸೀಟ್ ಬೆಲ್ಟ್ ಹಾಕಿಕೊಳ್ಳುತ್ತ, "ಸೋ ದ ಹಾರ್ಸ್ ವಾಸ್ ಎ ಲೈ. ವಾಟ್ ಯೂ ಸೆಡ್ ಲಾಸ್ಟ್ ಟೈಮ್, ವಾಸ್ ದಟ್ ಎ ಲೈ ಟೂ?" ಎಂದು ಕೇಳಿದಳು. ಕುದುರೆ ಸುಳ್ಳಾದರೆ, ಮದುವೆ ಆಗಲ್ಲ ಅಂದಿದ್ದೂ ಸುಳ್ಳಿರಬಹುದಲ್ಲ.

ತೆಗೆದು ತೋರಿಸೋಣವೆಂದರೆ, ಪುಸ್ತಕ ಅಂಕಲ್ ಕೈಯಲ್ಲೇ ಉಳಿದಿತ್ತು.